ನಾಲಿಗೆಯ ಲೆಕ್ಕಕ್ಕೆ ಸಿಗದ ಸಕ್ಕರೆ

ರಕ್ತಪರೀಕ್ಷೆಯ ವರದಿಯಲ್ಲಿ ಎಚ್‌ಬಿಎ1ಸಿ 5.7ರಿಂದ 6.4ರ ನಡುವೆ ಬಂದರೆ ಅಥವಾ ಖಾಲಿ ಹೊಟ್ಟೆಯ ಗ್ಲೂಕೋಸ್ ಡೆಸಿಲೀಟರಿಗೆ 100ರಿಂದ 125 ಮಿಲಿಗ್ರಾಂ ಇದ್ದರೆ ಡಾಕ್ಟರು ‘ಬಾರ್ಡರ್‌ನಲ್ಲಿದೆ, ಈಗಲೇ ಹುಷಾರಾಗಿ’ ಎನ್ನುತ್ತಾರೆ. ಇದು ಇನ್ನೂ ಸಕ್ಕರೆ ಕಾಯಿಲೆಯಲ್ಲ, ನಿಶ್ಚಿಂತೆಯಿಂದ ಇರಬಹುದಾದ ಅಂಕಿಯೂ ಅಲ್ಲ. ವೈದ್ಯರು ಇದನ್ನು ಪ್ರೀಡಯಾಬಿಟಿಸ್, ಅಂದರೆ ಮಧುಮೇಹಪೂರ್ವ ಸ್ಥಿತಿ ಎನ್ನುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ದೇಶದುದ್ದಕ್ಕೂ ನಡೆದ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದ್ದರೆ, ಅದರ ಹೊಸ್ತಿಲಲ್ಲಿ ನಿಂತವರು 13.6 ಕೋಟಿ ಎಂದು ಅದು ಅಂದಾಜು ಮಾಡಿತು. ಈ ಸುದ್ದಿ ತಿಳಿದವರು ಸಾಮಾನ್ಯವಾಗಿ ಮೊದಲು ಮಾಡುವುದು ಸಿಹಿತಿಂಡಿ ಬಿಡುವ ಶಪಥ. ಮದುವೆ ಮನೆಯ ಪಂಕ್ತಿಯಲ್ಲಿ ಹೋಳಿಗೆ ಬಡಿಸಲು ಬಂದರೆ ಎಲೆಗೆ ಕೈ ಅಡ್ಡ ಹಿಡಿಯುತ್ತಾರೆ, ದಸರೆಗೆ ಬಂದ ಮೈಸೂರು ಪಾಕನ್ನು ಪಕ್ಕದ ಮನೆಗೆ ಕೊಟ್ಟು ಕಳಿಸುತ್ತಾರೆ. ಶಪಥದಲ್ಲಿ ತಪ್ಪೇನಿಲ್ಲ, ಆದರೆ ಅದು ಹಿಡಿಯುವುದು ಸಕ್ಕರೆಯ ಚಿಕ್ಕ ಪಾಲನ್ನು ಮಾತ್ರ. ದೊಡ್ಡ ಪಾಲು ಸಿಹಿ ಎಂದು ಯಾರೂ ಕರೆಯದ ಪದಾರ್ಥಗಳಲ್ಲಿ ಹರಡಿಕೊಂಡು ದಿನಕ್ಕೆ ನಾಲ್ಕಾರು ಬಾರಿ ಒಳಗೆ ಹೋಗುತ್ತಿರುತ್ತದೆ. ಮಧುಮೇಹಪೂರ್ವ ಸ್ಥಿತಿಯಲ್ಲಿ ಮೊದಲು ಇಳಿಸಬೇಕಾದದ್ದು ದಿನಚರಿಯ ಸಕ್ಕರೆ, ಹಬ್ಬದ ಸಕ್ಕರೆಯ ಸರದಿ ಆಮೇಲಿನದು ಎಂಬುದು ಈ ಅಧ್ಯಾಯದ ವಾದ.

ದೇಹದೊಳಗೆ ನಡೆಯುವುದನ್ನು ನೋಡಿದರೆ ಈ ವಾದದ ಬುಡ ಕಾಣುತ್ತದೆ. ಆರೋಗ್ಯವಂತ ವಯಸ್ಕರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಅಷ್ಟೂ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಕರಗಿರುವ ಗ್ಲೂಕೋಸ್ ಹೆಚ್ಚೆಂದರೆ ಐದು ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಒಂದು ತಟ್ಟೆ ಊಟದಿಂದ ಅದರ ಹತ್ತಿಪ್ಪತ್ತು ಪಟ್ಟು ಗ್ಲೂಕೋಸ್ ಬಂದು ಬೀಳುತ್ತದೆ, ಆದರೂ ಪ್ರಮಾಣ ಹದ ತಪ್ಪುವುದಿಲ್ಲ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಕೂಡಲೇ ಇನ್ಸುಲಿನ್ ಸುರಿಸುತ್ತವೆ. ಅದರ ಆದೇಶದಂತೆ ಸ್ನಾಯುಗಳು ಗ್ಲೂಕೋಸನ್ನು ಒಳಗೆಳೆದುಕೊಳ್ಳುತ್ತವೆ, ಪಿತ್ತಜನಕಾಂಗ ತನ್ನ ದಾಸ್ತಾನಿನಿಂದ ಹೊರಬಿಡುವುದನ್ನು ನಿಲ್ಲಿಸುತ್ತದೆ. ಮಧುಮೇಹಪೂರ್ವ ಸ್ಥಿತಿಯಲ್ಲಿ ಸ್ನಾಯುಗಳಿಗೂ ಪಿತ್ತಜನಕಾಂಗಕ್ಕೂ ಈ ಆದೇಶ ಸರಿಯಾಗಿ ಕೇಳಿಸುವುದಿಲ್ಲ. ಬೀಟಾ ಕೋಶಗಳು ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೆಲಸ ಸಾಗಿಸುತ್ತಿರುತ್ತವೆ. ಅವು ಸೋತ ದಿನ ವರದಿಯಲ್ಲಿ ‘ಮಧುಮೇಹ’ ಎಂದು ಬರುತ್ತದೆ. ಹೀಗಾಗಿ ಸೋಲುವ ಮೊದಲು ಅವುಗಳ ಮೇಲಿನ ಹೊರೆ ಇಳಿಸುವುದೇ ಇಲ್ಲಿ ಮಾಡಬೇಕಾದ ಕೆಲಸ. ವರ್ಷಕ್ಕೆ ಹತ್ತು ಸಲ ಬರುವ ದೊಡ್ಡ ಹೊರೆಗಿಂತ ದಿನಕ್ಕೆ ಆರು ಸಲ, ಬಿಡುವೇ ಕೊಡದೆ ಬರುವ ಸಣ್ಣ ಹೊರೆಯನ್ನು ಮೊದಲು ನೋಡಬೇಕಾದದ್ದು ಇದಕ್ಕೇ.

ಹೊರೆ ಇಳಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿದೆ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಮ್ 3,234 ಜನರನ್ನು ಸರಾಸರಿ ಮೂರು ವರ್ಷದ ಆಸುಪಾಸು ಗಮನಿಸಿತು. ಊಟ ತಿದ್ದಿ, ವಾರಕ್ಕೆ 150 ನಿಮಿಷ ಮೈ ದಣಿಸಿ, ತೂಕ ಇಳಿಸಿಕೊಂಡವರಲ್ಲಿ ಮಧುಮೇಹಕ್ಕೆ ಜಾರುವ ಪ್ರಮಾಣ ಶೇ. 58ರಷ್ಟು ತಗ್ಗಿತೆಂದು 2002ರಲ್ಲಿ ವರದಿಯಾಯಿತು. ನಮಗೆ ಇನ್ನೂ ಹತ್ತಿರದ್ದು ಚೆನ್ನೈನಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡ ನಡೆಸಿದ, 2006ರಲ್ಲಿ ಪ್ರಕಟವಾದ ಅಧ್ಯಯನ. ಅಲ್ಲಿ ಆರಿಸಿಕೊಂಡ 531 ಜನರಿಗೂ ಗ್ಲೂಕೋಸ್ ಸಹಿಷ್ಣುತೆ ಕುಂದಿತ್ತು. ವಿಶೇಷ ಸಲಹೆಯಿಲ್ಲದೆ ಇದ್ದವರಲ್ಲಿ ಮೂರು ವರ್ಷದೊಳಗೆ ಶೇ. 55 ಮಂದಿ ಮಧುಮೇಹಿಗಳಾದರು. ನಡಿಗೆ, ನಯಗೊಳಿಸಿದ ಧಾನ್ಯದ ಮಿತಿ, ನಾರುಳ್ಳ ಆಹಾರ, ಸಕ್ಕರೆ ತ್ಯಾಗ, ಈ ಸಲಹೆಗಳನ್ನು ಪಡೆದ ಗುಂಪಿನಲ್ಲಿ ಅದು ಶೇ. 39ಕ್ಕೆ ಇಳಿಯಿತು. ಈ ಎರಡನೆಯ ಗುಂಪಿನವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ತಕ್ಕಡಿಯ ಮುಳ್ಳು ಅಲುಗದಿದ್ದರೂ ಒಳಗಿನ ವ್ಯವಹಾರ ಸುಧಾರಿಸಬಲ್ಲದು.

ಈ ಮಾತು ಭಾರತೀಯರಿಗೆ ಇನ್ನಷ್ಟು ಅನ್ವಯಿಸುತ್ತದೆ, ಏಕೆಂದರೆ ನಮ್ಮಲ್ಲಿ ಸಣಕಲು ಮೈಯವರಿಗೂ ಈ ತೊಂದರೆ ಬರುತ್ತದೆ. ಪುಣೆಯ ವೈದ್ಯವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಪ್ರಕಟಿಸಿ ಇದನ್ನು ತೋರಿಸಿಕೊಟ್ಟರು. ಇಬ್ಬರ ಬಿಎಂಐ ಕೂಡ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನಮ್ಮ ಮೈಯಲ್ಲಿ ಸ್ನಾಯು ಕಡಿಮೆ, ಚರ್ಮದಡಿ ಕೊಬ್ಬನ್ನು ನಿರಪಾಯವಾಗಿ ಕೂಡಿಡುವ ಜಾಗವೂ ಕಡಿಮೆ. ತುಂಬಿದ ಕೆರೆಗೆ ಸಣ್ಣ ಮಳೆ ಬಿದ್ದರೂ ಕೋಡಿ ಹರಿಯುವಂತೆ, ಸ್ವಲ್ಪ ಹೆಚ್ಚಾದರೂ ಕೊಬ್ಬು ಹೊಟ್ಟೆಯೊಳಕ್ಕೆ, ಪಿತ್ತಜನಕಾಂಗಕ್ಕೆ ಹರಿಯುತ್ತದೆ. ಇಲ್ಲಿ ಸಕ್ಕರೆಗೆ ಒಂದು ವಿಶೇಷ ಪಾತ್ರವಿದೆ. ಅದರ ಪ್ರತಿ ಅಣುವೂ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಇಡೀ ದೇಹ ಹಂಚಿಕೊಂಡು ಉರಿಸುತ್ತದೆ, ಫ್ರಕ್ಟೋಸಿನ ಬಹುಪಾಲನ್ನು ಕರುಳು ಮತ್ತು ಪಿತ್ತಜನಕಾಂಗವೇ ನಿಭಾಯಿಸಬೇಕು. ಅದು ಮಿತಿಮೀರಿ, ಬೇಗ ಬೇಗ ಬಂದರೆ ಪಿತ್ತಜನಕಾಂಗ ಅದನ್ನು ಕೊಬ್ಬಾಗಿ ಪರಿವರ್ತಿಸುತ್ತದೆ. ಕೊಬ್ಬು ತುಂಬಿದ ಪಿತ್ತಜನಕಾಂಗ ಇನ್ಸುಲಿನ್ ಮಾತಿಗೆ ಕಿವಿಗೊಡುವುದನ್ನು ಕಡಿಮೆ ಮಾಡುತ್ತದೆ, ಊಟವಿಲ್ಲದ ರಾತ್ರಿಯಲ್ಲೂ ಗ್ಲೂಕೋಸ್ ಹೊರಬಿಡುತ್ತಲೇ ಇರುತ್ತದೆ. ರಾತ್ರಿ ಕಡಿಮೆ ತಿಂದರೂ ಬೆಳಗಿನ ಖಾಲಿ ಹೊಟ್ಟೆಯ ಅಂಕಿ ಏಕೆ ಏರಿದೆ ಎಂದು ಹಲವರು ಕೇಳುತ್ತಾರೆ. ಉತ್ತರದ ಮುಖ್ಯ ಭಾಗ ಇಲ್ಲಿದೆ.

ಈಗ ಲೆಕ್ಕಕ್ಕೆ ಬರೋಣ. ಹೊರಗಿನಿಂದ ಸೇರಿಸಿದ ಸಕ್ಕರೆ, ಬೆಲ್ಲ, ಜೇನು, ಪಾಕ ಮತ್ತು ಹಣ್ಣಿನ ರಸದ ಸಕ್ಕರೆ ಇವೆಲ್ಲ ಸೇರಿ ದಿನದ ಶಕ್ತಿಯ ಶೇ. 10 ಮೀರಬಾರದು, ಶೇ. 5ರೊಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ಇದು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ. ಸಿಹಿಯನ್ನೇ ಮುಟ್ಟದ ಒಬ್ಬರ ಒಂದು ಸಾಧಾರಣ ದಿನವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಎರಡು ಸಣ್ಣ ಚಮಚ ಸಕ್ಕರೆಯ ಮೂರು ಲೋಟ ಕಾಫಿ, ಚಹಾದಿಂದ 24 ಗ್ರಾಂ. ಜೊತೆಗೆ ನಾಲ್ಕು ಮಾರಿ ಬಿಸ್ಕತ್ತಿನಿಂದ ಸುಮಾರು 5. ರಾತ್ರಿ ಹಾಲಿಗೆ ಹಾಕಿದ ಎರಡು ದೊಡ್ಡ ಚಮಚ ಮಾಲ್ಟ್ ಪುಡಿಯಿಂದ 7. ಸಂಜೆಯ ಪಫ್ಸ್ ಜೊತೆಗಿನ ಒಂದು ದೊಡ್ಡ ಚಮಚ ಕೆಚಪ್‌ನಿಂದ 4. ಹೋಟೆಲಿನ ಸಿಹಿ ಸಾಂಬಾರು, ಗೊಜ್ಜು, ಪುಳಿಯೋಗರೆಗೆ ಬಿದ್ದ ಬೆಲ್ಲದಿಂದ ಒಂದು 5. ಒಟ್ಟು 45 ಗ್ರಾಂ. ಮಧ್ಯಾಹ್ನದ ಬಿಸಿಲಿಗೆ 200 ಮಿಲಿಲೀಟರಿನ ಮಾವಿನ ಪಾನೀಯ ಕುಡಿದರೆ ಇನ್ನೊಂದು 25. ಪಾನೀಯ ಬಿಟ್ಟು ಬರೀ 45 ಗ್ರಾಂ ಎಂದುಕೊಂಡರೂ ವರ್ಷಕ್ಕೆ ಹದಿನಾರು ಕಿಲೋ ದಾಟುತ್ತದೆ. ಹಬ್ಬದ ಕಡೆಯ ಲೆಕ್ಕವನ್ನು ಧಾರಾಳವಾಗಿಯೇ ಹಾಕೋಣ: ವರ್ಷಕ್ಕೆ ಹನ್ನೆರಡು ಹಬ್ಬ, ಪ್ರತಿ ಹಬ್ಬಕ್ಕೆ ಮೂರು ಹೋಳಿಗೆ, ಹೋಳಿಗೆಗೆ 25 ಗ್ರಾಂ ಬೆಲ್ಲ. ಇದು ಒಂದು ಕಿಲೋ ಕೂಡ ಆಗಲಿಲ್ಲ. ಮದುವೆ, ನಾಮಕರಣ, ಪಾಯಸ, ಲಾಡು ಎಲ್ಲ ಸೇರಿಸಿ ಇಮ್ಮಡಿಸಿದರೂ ಎರಡು ಕಿಲೋ. ದೇಶದ ಒಟ್ಟು ಬಳಕೆಯೂ ಇದೇ ಚಿತ್ರ ಕೊಡುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 2.8 ಕೋಟಿ ಟನ್ ಸಕ್ಕರೆ ಖರ್ಚಾಗುತ್ತದೆ, ತಲೆಗೆ 20 ಕಿಲೋ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪಾನೀಯ, ಬಿಸ್ಕತ್ತು, ಮಿಠಾಯಿ ತಯಾರಕರೂ ಹೋಟೆಲಿನವರೂ ಕೊಳ್ಳುತ್ತಾರೆ. ಆದ್ದರಿಂದ ಮನೆಯ ಸಕ್ಕರೆ ಡಬ್ಬಿ ಎಷ್ಟು ದಿನಕ್ಕೆ ಖಾಲಿಯಾಯಿತು ಎಂಬುದರಿಂದ ನಾವು ತಿಂದ ಸಕ್ಕರೆ ತಿಳಿಯುವುದಿಲ್ಲ.

ಇಷ್ಟೊಂದು ಸಕ್ಕರೆ ನಾಲಿಗೆಗೆ ಗೊತ್ತಾಗದೆ ಹೇಗೆ ಹೋಗುತ್ತದೆ? ಮೂರು ದಾರಿಗಳಿವೆ. ಮೊದಲನೆಯದು ಹುಳಿ ಮತ್ತು ಉಪ್ಪಿನ ಮರೆ. ನಾಲಿಗೆಯ ಮೇಲೆ ಹುಳಿಯೂ ಸಿಹಿಯೂ ಒಂದನ್ನೊಂದು ತಗ್ಗಿಸುತ್ತವೆ. ಟೊಮೆಟೊ ಕೆಚಪ್‌ನ ಪ್ರತಿ 100 ಗ್ರಾಂನಲ್ಲಿ 20ರಿಂದ 25 ಗ್ರಾಂ ಸಕ್ಕರೆ ಇರುವುದು ಸಾಮಾನ್ಯ, ಅಂದರೆ ಅಷ್ಟೇ ತೂಕದ ಕೋಲಾದ ಎರಡರಷ್ಟು. ಆದರೂ ವಿನೆಗರ್ ಮತ್ತು ಉಪ್ಪು ಜೊತೆಗಿರುವುದರಿಂದ ಅದನ್ನು ನಾವು ಸಿಹಿಯ ಪಟ್ಟಿಗೆ ಸೇರಿಸುವುದಿಲ್ಲ. ಹುಣಸೆ ಹುಳಿಗೆ ಬೆಲ್ಲ ಹಾಕಿ ಹದ ಮಾಡುವ ನಮ್ಮ ಅಡುಗೆಯ ಜಾಣತನವೂ ಇದೇ ತತ್ತ್ವದ್ದು. ಮನೆಯಲ್ಲಿ ನಿಂಬೆ ಗಾತ್ರದ ಹುಣಸೆಗೆ ಒಂದು ಚೂರು ಬೆಲ್ಲ ಸಾಕಿತ್ತು, ಪ್ಯಾಕೆಟ್ ಗೊಜ್ಜು ಮತ್ತು ಹೋಟೆಲಿನ ಸಾಂಬಾರಿನಲ್ಲಿ ಆ ಚೂರು ದೊಡ್ಡದಾಗಿದೆ. ಎರಡನೆಯದು ತಂಪಿನ ಮರೆ. ಸಿಹಿಯ ಸಂಕೇತವನ್ನು ಮುಂದೆ ಸಾಗಿಸುವ ಟಿಆರ್‌ಪಿಎಂ5 ಎಂಬ ಪ್ರೋಟೀನು ಬೆಚ್ಚಗಿದ್ದಾಗ ಚುರುಕಾಗಿ, ತಣ್ಣಗಿದ್ದಾಗ ಮಂದವಾಗಿ ಕೆಲಸ ಮಾಡುತ್ತದೆ ಎಂದು 2005ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ತೋರಿಸಿದರು. ಹೀಗಾಗಿ ಫ್ರಿಜ್ಜಿನಿಂದ ತೆಗೆದ ಪಾನೀಯ ಹಿತವಾಗಿದೆ ಎನಿಸಬೇಕಾದರೆ ಅದಕ್ಕೆ ಹೆಚ್ಚು ಸಕ್ಕರೆ ಬೇಕು. ಅದೇ ಬಾಟಲಿಯನ್ನು ಬಿಸಿಲಿನಲ್ಲಿಟ್ಟು ಕುಡಿದರೆ ಪಾಕ ಕುಡಿದಂತಾಗುತ್ತದೆ. ಮೂರನೆಯದು ಸಿಹಿಯೇ ಇಲ್ಲದ ಸಕ್ಕರೆ. ಜೋಳದ ಅಥವಾ ಮರಗೆಣಸಿನ ಪಿಷ್ಟವನ್ನು ಒಡೆದು ತಯಾರಿಸುವ ಮಾಲ್ಟೋಡೆಕ್ಸ್‌ಟ್ರಿನ್ ನಾಲಿಗೆಗೆ ಹೆಚ್ಚುಕಡಿಮೆ ಸಪ್ಪೆ. ಕರುಳು ಮಾತ್ರ ಅದನ್ನು ಬಹುಬೇಗ ಗ್ಲೂಕೋಸ್ ಮಾಡಿಬಿಡುತ್ತದೆ. ಸೂಪಿನ ಪುಡಿ, ಪ್ರೋಟೀನ್ ಪುಡಿ, ಕೆಲವು ‘ಶುಗರ್ ಫ್ರೀ’ ಬಿಸ್ಕತ್ತುಗಳಲ್ಲೂ ಅದಿರುತ್ತದೆ, ಲೇಬಲ್ಲಿನಲ್ಲಿ ಸಕ್ಕರೆಯ ಸಾಲಿಗೆ ಬರುವುದಿಲ್ಲ.

ನಾಲಿಗೆ ಕೈಕೊಟ್ಟಲ್ಲಿ ಕಣ್ಣು ಕೆಲಸ ಮಾಡಬೇಕು. ಮಾಲ್ಟ್ ಪುಡಿಯ ಡಬ್ಬಿಯೊಂದನ್ನು ತಿರುಗಿಸಿ ಹಿಂಬದಿ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ ಈಗಿನ ನಿಯಮದಂತೆ ಅಲ್ಲಿ ‘ಟೋಟಲ್ ಶುಗರ್ಸ್’ ಕೆಳಗೆ ‘ಆ್ಯಡೆಡ್ ಶುಗರ್ಸ್’ ಎಂಬ ಬೇರೆ ಸಾಲು ಇರಲೇಬೇಕು. ಹಾಲಿನ ಪದಾರ್ಥಗಳಲ್ಲಿ ಈ ವ್ಯತ್ಯಾಸ ಮುಖ್ಯ, ಏಕೆಂದರೆ 100 ಮಿಲಿಲೀಟರ್ ಹಾಲಿನಲ್ಲಿ ಐದು ಗ್ರಾಂನಷ್ಟು ಲ್ಯಾಕ್ಟೋಸ್ ಸಹಜವಾಗಿಯೇ ಇರುತ್ತದೆ. ಅದಕ್ಕೆ ಹೆದರಬೇಕಿಲ್ಲ, ನೋಡಬೇಕಾದದ್ದು ಎರಡನೆಯ ಸಾಲನ್ನು. ಪುಡಿಯ 100 ಗ್ರಾಂಗೆ 32ರಿಂದ 37 ಗ್ರಾಂ ಸೇರಿಸಿದ ಸಕ್ಕರೆ ಎಂದಿದ್ದರೆ ಡಬ್ಬಿಯ ಮೂರನೇ ಒಂದು ಭಾಗ ಸಕ್ಕರೆ ಎಂದರ್ಥ. ಪಕ್ಕದ ಕಾಲಮ್ಮಿನಲ್ಲಿ ಒಂದು ಬಾರಿಯ ಬಳಕೆಗೆ ‘ಶೇ. 14 ಆರ್‌ಡಿಎ’ ಎಂದು ಬರೆದಿರಬಹುದು. ಆ ಶೇಕಡಾವಾರು 50 ಗ್ರಾಂನ ಸಡಿಲ ಮಿತಿಗೆ ಹಾಕಿದ್ದು. 25 ಗ್ರಾಂನ ಬಿಗಿ ಮಿತಿಗೆ ಹಾಕಿದರೆ ಶೇ. 28. ಇನ್ನು ಪದಾರ್ಥಗಳ ಪಟ್ಟಿ. ಯಾವುದರ ತೂಕ ಹೆಚ್ಚೋ ಅದನ್ನು ಮೊದಲು ಬರೆಯಬೇಕೆಂಬುದು ನಿಯಮ. ಸಕ್ಕರೆಯನ್ನು ಒಂದೇ ಹೆಸರಿನಲ್ಲಿ ಹಾಕಿದರೆ ಅದು ಪಟ್ಟಿಯ ತಲೆಯಲ್ಲಿ ನಿಲ್ಲಬಹುದು. ಸಕ್ಕರೆ, ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಜೇನು, ಖರ್ಜೂರದ ಪಾಕ, ಮಾಲ್ಟ್ ಸಾರ ಎಂದು ಐದಾರು ಹೆಸರಿಗೆ ಹಂಚಿದರೆ ಪ್ರತಿಯೊಂದೂ ಕೆಳಗಿಳಿಯುತ್ತದೆ, ಮೇಲೆ ಗೋಧಿಯೋ ಓಟ್ಸೋ ಕಾಣಿಸುತ್ತದೆ. ಡಬ್ಬಿಯ ಮುಂಬದಿಯ ಮಾತನ್ನು ನಂಬುವಂತಿಲ್ಲ ಎಂಬುದನ್ನು ಸರ್ಕಾರದ ಆದೇಶಗಳೇ ಹೇಳಿವೆ. ‘ಹೆಲ್ತ್ ಡ್ರಿಂಕ್’ ಎಂಬ ವರ್ಗವೇ ಆಹಾರ ಕಾನೂನಿನಲ್ಲಿ ಇಲ್ಲವೆಂದು 2024ರ ಏಪ್ರಿಲ್‌ನಲ್ಲಿ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಆ ಶೀರ್ಷಿಕೆ ತೆಗೆಯಲು ಹೇಳಿತು. ಅದೇ ವರ್ಷ ಜೂನ್‌ನಲ್ಲಿ, ಸಾಂದ್ರೀಕರಿಸಿದ ರಸಕ್ಕೆ ನೀರು ಬೆರೆಸಿ ಮಾರುವ ಪೊಟ್ಟಣಗಳಿಂದ ‘100% ಹಣ್ಣಿನ ರಸ’ ಎಂಬ ಮಾತನ್ನು ಅಳಿಸಲು ಪ್ರಾಧಿಕಾರ ಆದೇಶಿಸಿತು. 2025ರ ಅಕ್ಟೋಬರ್‌ನಲ್ಲಿ ಸಿಹಿ ಪಾನೀಯಗಳ ಮೇಲೆ ‘ಓಆರ್‌ಎಸ್’ ಎಂದು ಬರೆಯುವುದಕ್ಕೂ ತಡೆ ಬಿತ್ತು. ಭೇದಿಗೆ ಕೊಡುವ ನಿಜವಾದ ಓಆರ್‌ಎಸ್‌ನಲ್ಲಿ ಲೀಟರಿಗೆ ಇರುವುದು 13.5 ಗ್ರಾಂ ಗ್ಲೂಕೋಸ್, ಆ ಪಾನೀಯಗಳಲ್ಲಿದ್ದ ಸಕ್ಕರೆ ಅದರ ಹಲವು ಪಟ್ಟು.

ಎಲ್ಲಕ್ಕಿಂತ ಮೊದಲು ಕೈ ಹಾಕಬೇಕಾದದ್ದು ಕುಡಿಯುವ ಸಕ್ಕರೆಗೆ. ಅಗಿಯುವ ಕೆಲಸವಿಲ್ಲ, ನಾರಿಲ್ಲ, ಹೊಟ್ಟೆಯಲ್ಲಿ ನಿಲ್ಲುವ ಹೊತ್ತೂ ಕಡಿಮೆ. ಕುಡಿದ ಕ್ಯಾಲೊರಿಗೆ ತಕ್ಕಂತೆ ಮುಂದಿನ ಊಟ ಕಡಿಮೆಯಾಗುವುದೂ ಇಲ್ಲ. ಹಲವು ದೇಶಗಳ ದೀರ್ಘಕಾಲದ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ದಿನಕ್ಕೆ ಒಂದೆರಡು ಸಿಹಿ ಪಾನೀಯ ಕುಡಿಯುವವರಿಗೆ ತೀರಾ ಅಪರೂಪಕ್ಕೆ ಕುಡಿಯುವವರಿಗಿಂತ ಮಧುಮೇಹದ ಅಪಾಯ ಶೇ. 26 ಹೆಚ್ಚೆಂದು ಕಂಡಿತು. ಹಣ್ಣು ಮತ್ತು ಹಣ್ಣಿನ ರಸದ ನಡುವಿನ ಅಂತರವೂ ಇದನ್ನೇ ಹೇಳುತ್ತದೆ. 2013ರಲ್ಲಿ ‘ಬಿಎಂಜೆ’ಯಲ್ಲಿ ಬಂದ ಅಮೆರಿಕದ ಅಧ್ಯಯನದಲ್ಲಿ ಸೇಬು, ದ್ರಾಕ್ಷಿ, ಬ್ಲೂಬೆರಿಗಳನ್ನು ಇಡಿಯಾಗಿ ತಿನ್ನುವವರಿಗೆ ಮಧುಮೇಹದ ಅಪಾಯ ಕಡಿಮೆಯಿತ್ತು, ರಸ ಕುಡಿಯುವವರಿಗೆ ಹೆಚ್ಚಿತ್ತು. ಒಂದೇ ಹಣ್ಣು ಜೀವಕೋಶಗಳ ಗೋಡೆಯೊಳಗೆ ಸಕ್ಕರೆ ಇಟ್ಟುಕೊಂಡು ಬಂದರೆ ಒಂದು ಪರಿಣಾಮ, ಮಿಕ್ಸಿಯಲ್ಲಿ ಆ ಗೋಡೆ ಒಡೆಸಿಕೊಂಡು, ಜರಡಿಯಲ್ಲಿ ನಾರು ಕಳೆದುಕೊಂಡು ಬಂದರೆ ಇನ್ನೊಂದು. ಕಣ್ಣೆದುರೇ ಹಿಂಡಿಕೊಡುವ ಕಬ್ಬಿನ ಹಾಲು ಶುದ್ಧವೇ ಇರಬಹುದು, ಆದರೆ ಒಂದು ದೊಡ್ಡ ಲೋಟದಲ್ಲಿ 30 ಗ್ರಾಂಗೂ ಮೀರಿದ ಸಕ್ಕರೆ ಇರುತ್ತದೆ. ಬಾಯಾರಿಕೆಗೆ ಮಜ್ಜಿಗೆ, ಉಪ್ಪು ಹಾಕಿದ ನಿಂಬೆಹಣ್ಣಿನ ನೀರು, ಮಿತವಾಗಿ ಎಳನೀರು ಇರುವ ನಾಡಿನಲ್ಲಿ ಈ ಒಂದು ಬದಲಾವಣೆ ಕಷ್ಟದ್ದಲ್ಲ.

ಇಲ್ಲಿ ಬಲವಾದ ಆಕ್ಷೇಪವೊಂದು ಏಳುತ್ತದೆ. ದಕ್ಷಿಣ ಭಾರತದವರ ನಿಜವಾದ ಸಮಸ್ಯೆ ಅನ್ನ, ಸಕ್ಕರೆಯ ಮೇಲೆ ಗಮನ ಸೆಳೆದರೆ ಅನ್ನದ ಗುಡ್ಡೆ ತಪ್ಪಿಸಿಕೊಳ್ಳುತ್ತದೆ ಎಂಬುದು ಆ ಆಕ್ಷೇಪ. ಇದರಲ್ಲಿ ಹುರುಳಿದೆ. 21 ದೇಶಗಳ ‘ಪ್ಯೂರ್’ ಅಧ್ಯಯನ 2020ರಲ್ಲಿ ಕಂಡಂತೆ, ದಿನಕ್ಕೆ 450 ಗ್ರಾಂಗಿಂತ ಹೆಚ್ಚು ಬಿಳಿ ಅನ್ನ ತಿನ್ನುವವರಲ್ಲಿ ಮಧುಮೇಹದ ಅಪಾಯ ಹೆಚ್ಚು, ಅದರಲ್ಲೂ ದಕ್ಷಿಣ ಏಷ್ಯಾದಲ್ಲಿ ಅತಿ ಹೆಚ್ಚು. ಸಕ್ಕರೆ ಬಿಟ್ಟು ಅನ್ನವನ್ನು ಒಂದು ಸೌಟು ಹೆಚ್ಚಿಸಿದರೆ ಗಳಿಸಿದ್ದೆಲ್ಲ ಹೋಯಿತು. ರಾಗಿ ಮಾಲ್ಟ್ ಎಂದು ನುಣ್ಣನೆಯ ಹಿಟ್ಟನ್ನು ಬೆಲ್ಲದ ಜೊತೆ ಗಂಜಿ ಮಾಡಿ ಕುಡಿದರೂ ಅಷ್ಟೆ. ಅನ್ನ, ಮುದ್ದೆ, ದೋಸೆ ಎಲ್ಲದರ ಪ್ರಮಾಣ ತಗ್ಗಿ, ಕಾಳು, ಬೇಳೆ, ಸೊಪ್ಪು, ಮೊಟ್ಟೆ, ಮೀನಿಗೆ ತಟ್ಟೆಯಲ್ಲಿ ಜಾಗ ಆಗಲೇಬೇಕು. ಆದರೂ ಮೊದಲು ಅಡಗಿದ ಸಕ್ಕರೆಯಿಂದಲೇ ತೊಡಗಬೇಕು ಎನ್ನಲು ಎರಡು ಕಾರಣಗಳಿವೆ. ಅನ್ನ ನಮ್ಮ ಊಟದ ಆಧಾರ. ಅದರ ಜೊತೆ ಹುಳಿ, ಪಲ್ಯ, ಮೊಸರು ಬರುತ್ತವೆ; ಅದನ್ನು ಇಳಿಸಬೇಕಾದರೆ ಊಟವನ್ನೇ ಮರುಜೋಡಿಸಬೇಕು, ಮನೆಮಂದಿಯೆಲ್ಲ ಒಪ್ಪಬೇಕು. ಕೆಚಪ್, ಬಿಸ್ಕತ್ತು, ಬಾಟಲಿ ಪಾನೀಯಗಳಿಗೆ ಅಂಥ ನಂಟಿಲ್ಲ. ಅವು ಹೋದರೆ ಪೋಷಣೆಯೂ ಹೋಗುವುದಿಲ್ಲ, ಹಸಿವೂ ಉಳಿಯುವುದಿಲ್ಲ. ಎರಡನೆಯ ಕಾರಣ, ಅವು ಊಟದ ಬದಲಿಗೆ ಬರುವುದಿಲ್ಲ, ಊಟದ ಮೇಲೆ ಬಂದು ಕೂರುತ್ತವೆ. ಎರಡು ಊಟದ ನಡುವೆ ಇನ್ಸುಲಿನ್‌ಗೆ ಸಿಗಬೇಕಾದ ಬಿಡುವನ್ನು ಕಸಿಯುವುದು ಅವೇ. ಮಾರಿ ಬಿಸ್ಕತ್ತಿನಲ್ಲಿ ಸಕ್ಕರೆಯ ಜೊತೆ ಮೈದಾ ಕೂಡ ಇರುವುದರಿಂದ ಅದನ್ನು ಬಿಟ್ಟವರು ಪಿಷ್ಟವನ್ನೂ ಒಟ್ಟಿಗೇ ಇಳಿಸಿದಂತಾಯಿತು.

ಎರಡನೆಯ ಆಕ್ಷೇಪ ಬೆಲ್ಲದ ಪರವಾದದ್ದು. ಬಿಳಿ ಸಕ್ಕರೆ ವಿಷ, ಬೆಲ್ಲ ಮತ್ತು ಜೇನು ಔಷಧ ಎಂಬ ನಂಬಿಕೆ ಓದಿದವರಲ್ಲೂ ಗಟ್ಟಿಯಾಗಿದೆ. ಬೆಲ್ಲದ ಬಹುಪಾಲು ಸುಕ್ರೋಸೇ, ಅಂದರೆ ಸಕ್ಕರೆಯೇ. ಉಳಿದದ್ದರಲ್ಲಿ ಬಿಡಿ ಗ್ಲೂಕೋಸ್, ಫ್ರಕ್ಟೋಸ್, ನೀರು, ಒಂದಿಷ್ಟು ಖನಿಜ. ಹತ್ತು ಗ್ರಾಂ ಬೆಲ್ಲದಿಂದ ಸಿಗುವ ಕಬ್ಬಿಣ ಅರ್ಧ ಮಿಲಿಗ್ರಾಂ ಆಸುಪಾಸು. ವಯಸ್ಕ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. ಕಬ್ಬಿಣಕ್ಕಾಗಿ ಬೆಲ್ಲ ತಿನ್ನುವುದು ದುಬಾರಿ ವ್ಯಾಪಾರ, ಸೊಪ್ಪು ಕಾಳುಗಳ ದಾರಿ ಎಷ್ಟೋ ಮೇಲು. ಜೇನಿನಲ್ಲೂ ಬಹುಪಾಲು ಫ್ರಕ್ಟೋಸ್ ಮತ್ತು ಗ್ಲೂಕೋಸ್. ರುಚಿಗೆ, ಪರಿಮಳಕ್ಕೆ ಬೆಲ್ಲವೇ ಬೇಕೆನ್ನುವವರು ಬಳಸಲಿ, ಆದರೆ ಅದನ್ನೂ ಸಕ್ಕರೆಯ ಖಾತೆಗೇ ಬರೆಯಬೇಕು. ಹಾಗಾದರೆ ಕ್ಯಾಲೊರಿಯಿಲ್ಲದ ಕೃತಕ ಸಿಹಿಗಳೇ ಪರಿಹಾರವೆ? ತೂಕ ಇಳಿಸುವ ಸಾಧನವಾಗಿ ಅವನ್ನು ಅವಲಂಬಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ, ದೀರ್ಘಕಾಲದ ಲಾಭ ಕಂಡುಬಂದಿಲ್ಲ ಎಂಬುದು ಅದರ ಕಾರಣ. ಸಿಹಿ ಪಾನೀಯ ಬಿಡಲಾಗದವರಿಗೆ ಕೆಲವು ವಾರ ಊರುಗೋಲಾಗಿ ಅವು ನೆರವಾದಾವು. ನಾಲಿಗೆಯನ್ನು ಮಾತ್ರ ಅವು ಅದೇ ಸಿಹಿಗೆ ಕಟ್ಟಿಹಾಕಿಯೇ ಇಡುತ್ತವೆ.

ಮೂರನೆಯ ಆಕ್ಷೇಪ ಪುರಾವೆಯ ಬಗ್ಗೆ. ಸಿಹಿ ಹೆಚ್ಚು ತಿನ್ನುವವರು ಬೇರೆ ರೀತಿಯಲ್ಲೂ ಆರೋಗ್ಯ ಕಡೆಗಣಿಸುವವರಿರಬಹುದು, ಸಕ್ಕರೆಯೇ ಕಾರಣವೆಂದು ಹೇಗೆ ಹೇಳುತ್ತೀರಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ವೀಕ್ಷಣೆಯ ಅಧ್ಯಯನಗಳಿಗೆ ಈ ಮಿತಿ ಇದ್ದೇ ಇದೆ. ಆದರೆ ಇತಿಹಾಸ ಒಮ್ಮೆ ತಾನಾಗಿಯೇ ಒಂದು ಪ್ರಯೋಗ ನಡೆಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ ಸಕ್ಕರೆಗೆ ಪಡಿತರ ತಂದಿತು. 1953ರ ಸೆಪ್ಟೆಂಬರ್‌ನಲ್ಲಿ ಅದನ್ನು ತೆಗೆದುಹಾಕಿದ ಕೂಡಲೇ ದಿನಕ್ಕೆ ಸುಮಾರು 40 ಗ್ರಾಂ ಇದ್ದ ಬಳಕೆ ಇಮ್ಮಡಿಯಾಯಿತು. ಆ ದಿನಾಂಕದ ಆಚೀಚೆ ಹುಟ್ಟಿದ ಮಕ್ಕಳು ಬೇರೆಲ್ಲ ವಿಷಯಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರನಾಗಿದ್ದವರು. ಅವರ ಮುಂದಿನ ಬದುಕಿನ ಆರೋಗ್ಯ ದಾಖಲೆಗಳನ್ನು ಹೋಲಿಸಿದ ಅಧ್ಯಯನವೊಂದು 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗರ್ಭದಲ್ಲಿ ಮತ್ತು ಮೊದಲ ಎರಡು ವರ್ಷ ಪಡಿತರದ ಮಿತಿಯಲ್ಲಿ ಬೆಳೆದವರಿಗೆ ಟೈಪ್ 2 ಮಧುಮೇಹದ ಅಪಾಯ ಶೇ. 35ರಷ್ಟು, ರಕ್ತದೊತ್ತಡದ ಅಪಾಯ ಶೇ. 20ರಷ್ಟು ಕಡಿಮೆಯಿತ್ತು. ಇದು ಮಕ್ಕಳ ಮಾತು, ಐವತ್ತು ದಾಟಿದವರಿಗೆ ಇದೇ ಅಂಕಿಯನ್ನು ಅನ್ವಯಿಸಲಾಗದು. ಆದರೂ ಸಕ್ಕರೆಯ ಪ್ರಮಾಣವೇ ವ್ಯತ್ಯಾಸ ತರಬಲ್ಲದೆಂಬುದಕ್ಕೆ ಇದು ಬಲವಾದ ಸಾಕ್ಷಿ. ಇನ್ನು ಕೆಲವರು, ಮಧುಮೇಹಪೂರ್ವ ಎಂಬ ಹಣೆಪಟ್ಟಿಯೇ ಅತಿಯಾಯಿತು, ಅದರಲ್ಲಿ ಎಲ್ಲರೂ ಮಧುಮೇಹಿಗಳಾಗುವುದಿಲ್ಲ ಎನ್ನುತ್ತಾರೆ. ನಿಜ, ಎಲ್ಲರೂ ಆಗುವುದಿಲ್ಲ. ಕಬ್ಬಿಣದ ಕೊರತೆಯ ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ಸುಳ್ಳಾಗಿ ಏರಿ ಕಾಣುವುದೂ ಉಂಟು, ಆದ್ದರಿಂದ ಒಂದೇ ವರದಿಗೆ ಗಾಬರಿಯಾಗದೆ ಡಾಕ್ಟರ ಬಳಿ ಖಚಿತಪಡಿಸಿಕೊಳ್ಳಬೇಕು. ಆದರೆ ಇಲ್ಲಿ ಹೇಳುತ್ತಿರುವ ಚಿಕಿತ್ಸೆಗೆ ಅಡ್ಡಪರಿಣಾಮವಿಲ್ಲ, ಖರ್ಚಿಲ್ಲ, ಹಲ್ಲಿಗೂ ತೂಕಕ್ಕೂ ಲಾಭವಿದೆ. ಹಣೆಪಟ್ಟಿ ತಪ್ಪೆಂದೇ ಆದರೂ ಕಳೆದುಕೊಳ್ಳುವುದೇನಿಲ್ಲ.

ನಾಲಿಗೆ ಒಪ್ಪೀತೆ ಎಂಬುದು ಕೊನೆಯ ಅಳುಕು. ಅಮೆರಿಕದ ಮೊನೆಲ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸರಳ ಸಕ್ಕರೆಯನ್ನು ಶೇ. 40ರಷ್ಟು ಇಳಿಸಿಕೊಂಡವರಿಗೆ ಎರಡು ಮೂರು ತಿಂಗಳಲ್ಲಿ ಮೊದಲಿನ ಪುಡ್ಡಿಂಗೇ ಹೆಚ್ಚು ಸಿಹಿಯಾಗಿ ತೋರತೊಡಗಿತು. ನಾಲಿಗೆ ಕಲಿಯುತ್ತದೆ. ಆದರೆ ಕಟ್ಟುಪಾಡು ಸಡಿಲಿಸಿದ ಮೇಲೆ ಅವರು ಹಳೆಯ ಪ್ರಮಾಣಕ್ಕೇ ಮರಳಿದರು ಎಂಬುದೂ ಅದೇ ಪ್ರಯೋಗದ ಪಾಠ. ಆದ್ದರಿಂದ ಉಗ್ರ ವ್ರತಕ್ಕಿಂತ ಮರಳಲು ಕಾರಣವಿಲ್ಲದಂಥ ಸಣ್ಣ ಬದಲಾವಣೆಗಳೇ ಮೇಲು. ಕಾಫಿಯ ಎರಡು ಚಮಚವನ್ನು ಹದಿನೈದು ದಿನಕ್ಕೊಮ್ಮೆ ಅರ್ಧರ್ಧ ಚಮಚ ಇಳಿಸಬಹುದು. ಹೋಟೆಲಿನಲ್ಲಿ ‘ಶುಗರ್‌ಲೆಸ್’ ಹೇಳಿ, ಬೇಕಿದ್ದಷ್ಟು ತಾವೇ ಹಾಕಿಕೊಳ್ಳಬಹುದು. ಬಿಸ್ಕತ್ತಿನ ಜಾಗಕ್ಕೆ ಹುರಿದ ಕಡಲೆ, ನೆಲಗಡಲೆ, ಉಸಲಿ ಬರಲಿ. ಪ್ಯಾಕೆಟ್ ಗೊಜ್ಜಿನ ಬದಲು ಮನೆಯ ಗೊಜ್ಜು ಮಾಡಿ, ಬೆಲ್ಲವನ್ನು ಕೈಯಳತೆಯಲ್ಲಿಡಬಹುದು. ಮಾಲ್ಟ್ ಪುಡಿಯಿಲ್ಲದ ಹಾಲು ಹಾಲೇ. ಮೇಲಿನ ಲೆಕ್ಕದ 45 ಗ್ರಾಂ ಇಷ್ಟರಿಂದಲೇ 20ರ ಕೆಳಗೆ ಬರುತ್ತದೆ. ಹಬ್ಬದ ದಿನ ಊಟದ ಕೊನೆಗೆ ಒಂದು ಹೋಳಿಗೆ ತಿಂದು ಅರ್ಧ ಗಂಟೆ ನಡೆದುಬಂದರೆ ಹೆದರಬೇಕಾದದ್ದಿಲ್ಲ. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನವಾದ್ದರಿಂದ ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತೋರಿಸುತ್ತದೆ. ಬದಲಾವಣೆಯ ಫಲವನ್ನು ಅಷ್ಟು ದಿನ ಕಳೆದ ಮೇಲೆಯೇ ಅಳೆಯಬೇಕು. ಮಾತ್ರೆ ತೆಗೆದುಕೊಳ್ಳುತ್ತಿರುವವರೂ ಗರ್ಭಿಣಿಯರೂ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು.

ಇಷ್ಟೆಲ್ಲ ಹೊಣೆಯನ್ನು ಒಬ್ಬೊಬ್ಬರ ನಾಲಿಗೆ, ಕಣ್ಣುಗಳ ಮೇಲೆ ಹೊರಿಸಿ ಸುಮ್ಮನಾಗುವುದು ನ್ಯಾಯವಲ್ಲ. ಡಬ್ಬಿಯ ಹಿಂಬದಿಯಲ್ಲಿ ಇರುವೆ ಗಾತ್ರದ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಮಾಹಿತಿ ಹಳ್ಳಿಯ ಅಂಗಡಿಯಲ್ಲಿ ಐದು ರೂಪಾಯಿ ಪೊಟ್ಟಣ ಕೊಳ್ಳುವವರಿಗೆ ತಲುಪುವುದಿಲ್ಲ. ಸಕ್ಕರೆ ಹೆಚ್ಚಿದ್ದರೆ ಮುಂಬದಿಯಲ್ಲೇ, ಕನ್ನಡದಲ್ಲೇ, ಎದ್ದು ಕಾಣುವಂತೆ ಎಚ್ಚರಿಕೆ ಹಾಕಬೇಕು. ಬ್ರಿಟನ್ 2018ರಲ್ಲಿ ಪಾನೀಯದ ಸಕ್ಕರೆಯ ಪ್ರಮಾಣ ನೋಡಿ ತೆರಿಗೆ ಹಾಕಿದಾಗ, ತೆರಿಗೆ ತಪ್ಪಿಸಿಕೊಳ್ಳಲು ತಯಾರಕರೇ ಸಕ್ಕರೆ ಇಳಿಸಿದರು. ಕುಡಿಯುವವರು ಏನನ್ನೂ ಓದದೆಯೂ ಲಾಭ ಪಡೆದರು. 2025ರಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ ‘ಶುಗರ್ ಬೋರ್ಡ್’ ಹಾಕಿ ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆ ಎಂದು ಬರೆಯಲು ಹೇಳಿದ್ದು ಒಳ್ಳೆಯ ಹೆಜ್ಜೆ, ಅದು ಕನ್ನಡ ಶಾಲೆಗಳ ಗೋಡೆಗೂ ಬರಬೇಕು. ಉತ್ತರ ಪ್ರದೇಶ, ಮಹಾರಾಷ್ಟ್ರಗಳ ನಂತರ ಅತಿ ಹೆಚ್ಚು ಸಕ್ಕರೆ ತಯಾರಿಸುವ ರಾಜ್ಯ ನಮ್ಮದು. ಮಂಡ್ಯ, ಬೆಳಗಾವಿಯ ಕಬ್ಬು ಬೆಳೆಗಾರರ ಬದುಕು ಇದಕ್ಕೆ ಅಡ್ಡ ಬರುತ್ತದೆ ಎನ್ನುವವರಿಗೆ ಉತ್ತರ, ಕಬ್ಬಿಗೆ ಈಗ ಎಥನಾಲ್‌ನಂಥ ಬೇರೆ ಮಾರುಕಟ್ಟೆಗಳಿವೆ. ರೈತರ ಆದಾಯ ಮಕ್ಕಳ ಪಾನೀಯದ ಮೇಲೆ ನಿಲ್ಲಬೇಕಾಗಿಲ್ಲ. ಮಧುಮೇಹ ಒಮ್ಮೆ ಬೇರೂರಿದ ಮೇಲೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳ ಚಿಕಿತ್ಸೆಗೆ ಕುಟುಂಬಗಳು ಜೀವಮಾನವಿಡೀ ದುಡ್ಡು ಸುರಿಯಬೇಕಾಗುತ್ತದೆ. ಅದಕ್ಕೆ ಮೊದಲು ಸಿಗುವ ಈ ಕೆಲವು ವರ್ಷಗಳಲ್ಲಿ ಮಾಡಬೇಕಾದ ಮೊದಲ ಕೆಲಸ ಸುಲಭದ್ದು: ಸಿಹಿಯ ಸುಖವನ್ನೂ ಕೊಡದೆ ಒಳಗೆ ಸೇರುತ್ತಿರುವ ಸಕ್ಕರೆಯನ್ನು ಹುಡುಕಿ ಹೊರಗಿಡುವುದು. ಮನೆಯ ಅಡುಗೆಮನೆ ಇದನ್ನು ಇಂದೇ ಶುರು ಮಾಡಬಹುದು. ಲೇಬಲ್ ತಿದ್ದುವ, ತೆರಿಗೆ ಹಾಕುವ ಅಧಿಕಾರ ಇರುವವರು ಇನ್ನೂ ಕಾಯಲು ಕಾರಣವೇ ಇಲ್ಲ.